ನಾಣ್ಯದ ಮೇಲೆ ಮೂರು ಕೊಂಡಿ

ಮೊದಲು ಈ ನಾಣ್ಯ ನೋಡಿ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ಕೊಡಿ. ಅಂಚು ಹಿಡಿದುಕೊಳ್ಳಿ, ಮುಖಕ್ಕೆ ಬೆರಳು ತಾಗಿಸಬೇಡಿ. ಇದು 1851ರ ಅಮೆರಿಕದ ಒಂದು ಸೆಂಟ್, ತಾಮ್ರದ್ದು. ಕೈಗೆ ಬಂದ ಕೂಡಲೇ ತೂಕ ಗೊತ್ತಾಗುತ್ತದೆ, ಅಲ್ವಾ? ಹತ್ತಿರ ಹತ್ತಿರ 11 ಗ್ರಾಂ. ನಮ್ಮ ಹಳೆಯ ಬೆಳ್ಳಿ ರೂಪಾಯಿ ಒಂದು ತೊಲ ತೂಗುತ್ತಿತ್ತಲ್ಲ, ಅದಕ್ಕಿಂತ ಸ್ವಲ್ಪವೇ ಕಡಿಮೆ. ಅಗಲ ಇವತ್ತಿನ 10 ರೂಪಾಯಿ ನಾಣ್ಯದಷ್ಟು. ಬರೀ ಒಂದು ಸೆಂಟಿಗೆ ಇಷ್ಟು ತಾಮ್ರ ಕೊಡುತ್ತಿದ್ದ ಕಾಲ ಅದು.

ಒಂದು ಕಡೆ ಲಿಬರ್ಟಿಯ, ಅಂದರೆ ಸ್ವಾತಂತ್ರ್ಯದೇವಿಯ ತಲೆ ಇದೆ. ಅವಳ ಕೆನ್ನೆಯ ಮೇಲೆ ಮೂರು ಪುಟ್ಟ ಉಂಗುರಗಳು ಕಾಣುತ್ತವೆ, ಸರಪಳಿಯ ಕೊಂಡಿಗಳ ಹಾಗೆ ಒಂದಕ್ಕೊಂದು ಕೋದಂತೆ. ಕೆಳಗೆ ಜೆ, ಡಬ್ಲ್ಯು ಅಂತ ಎರಡು ಅಕ್ಷರ. ಟಂಕಸಾಲೆ ಹಾಕಿದ್ದಲ್ಲ ಇವು. ನಾಣ್ಯ ಹೊರಗೆ ಬಂದು, ಹತ್ತಾರು ಕೈ ದಾಟಿದ ಮೇಲೆ, ಯಾರೋ ಒಬ್ಬ ಉಕ್ಕಿನ ಪಂಚ್, ಅಂದರೆ ತುದಿಯಲ್ಲಿ ಗುರುತು ಇರುವ ಅಚ್ಚುಮೊಳೆ ಇಟ್ಟು ಸುತ್ತಿಗೆಯಿಂದ ಹೊಡೆದು ಮೂಡಿಸಿದ್ದು.

ನಾನು ಕೆಲಸದ ಮೇಲೆ ಬಾಲ್ಟಿಮೋರ್‌ನಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿನ ಒಂದು ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ಇದು ಸಿಕ್ಕಿತು. ಮಾರುವವರು ಒಳ್ಳೆಯ ನಾಣ್ಯಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಇದು ತೂತು ಬಿದ್ದ, ಬಾಗಿದ, ಗೀರಿದ ನಾಣ್ಯಗಳ ಡಬ್ಬಿಯಲ್ಲಿತ್ತು. 'ಯಾರೋ ಹಾಳು ಮಾಡಿದ್ದಾರೆ' ಅಂದರು. ಒಂದು ಊಟದ ದುಡ್ಡಿಗೆ ಕೊಟ್ಟರು. ಮನೆಗೆ ತಂದು ಭೂತಗನ್ನಡಿಯಲ್ಲಿ ನೋಡುತ್ತಾ ಕೂತೆ. ಅಲ್ಲಿಯವರೆಗೆ ನಾನು ನಾಣ್ಯದಲ್ಲಿ ನೋಡುತ್ತಿದ್ದದ್ದು ರಾಜರನ್ನು, ಟಂಕಸಾಲೆಗಳನ್ನು, ಇಸವಿಗಳನ್ನು. ಅದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದ ಮನುಷ್ಯ ಮೊದಲ ಸಲ ಕಂಡದ್ದು ಈ ನಾಣ್ಯದಲ್ಲಿ. ಇವತ್ತು ಮಾತಾಡುವುದು ಅವನ ಬಗ್ಗೆ, ಅವನಂಥವರ ಬಗ್ಗೆ.

ಸಂಗ್ರಹಕಾರರು ಇಂಥ ಗುರುತಿಗೆ ಕೌಂಟರ್‌ಸ್ಟ್ಯಾಂಪ್ ಅನ್ನುತ್ತಾರೆ. ಸರ್ಕಾರವೇ ಒತ್ತಿಸಿದ್ದಾದರೆ ಕೌಂಟರ್‌ಮಾರ್ಕ್ ಅನ್ನುವ ರೂಢಿ ಇದೆ, ಆದರೆ ಎಲ್ಲರೂ ಅದನ್ನು ಪಾಲಿಸುವುದಿಲ್ಲ. ನಮಗಂತೂ ಇದು ಹೊಸ ವಿಷಯವಲ್ಲ. ಮೊಘಲರ ಬೆಳ್ಳಿ ರೂಪಾಯಿ ಸಂಗ್ರಹಿಸುವವರು ಇಲ್ಲಿದ್ದೀರಿ. ಅವುಗಳ ಮೇಲೆ ಸಣ್ಣ ಸಣ್ಣ ಚುಚ್ಚು ಗುರುತುಗಳು ಇರುತ್ತವೆ. ನಾಣ್ಯ ಪರೀಕ್ಷೆ ಮಾಡಿದ ಶರಾಫರು ಹಾಕಿದ್ದು ಅವು. ಕನ್ನಡದಲ್ಲಿ ಆ ಕಸುಬಿನವರಿಗೆ ಚಿನಿವಾರ ಅಂತ ಎಷ್ಟು ಚೆಂದದ ಹೆಸರಿದೆ! ಚಿನ್ನದ ಧಾರಣೆ ಕೊಡುವಾಗ ಪತ್ರಿಕೆಗಳು 'ಚಿನಿವಾರ ಪೇಟೆ' ಅಂತ ಬರೆಯುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಚೀನಾದಲ್ಲೂ ವ್ಯಾಪಾರಿಗಳು ಬೆಳ್ಳಿ ಡಾಲರ್‌ಗಳ ಮೇಲೆ ತಮ್ಮ ಮುದ್ರೆ ಒತ್ತುತ್ತಿದ್ದರು. ಆದರೆ ಚಿನಿವಾರ ಒತ್ತಿದ ಗುರುತು ನಾಣ್ಯದ ಬಗ್ಗೆ ಮಾತಾಡುತ್ತದೆ: ಬೆಳ್ಳಿ ಸರಿಯಾಗಿದೆ, ತೆಗೆದುಕೊಳ್ಳಬಹುದು ಅಂತ. ನಿಮ್ಮ ಕೈಯಲ್ಲಿರುವ ಈ ಮೂರು ಕೊಂಡಿ ನಾಣ್ಯದ ಬಗ್ಗೆ ಏನೂ ಹೇಳುವುದಿಲ್ಲ. ಅದು ಹೇಳುವುದು ಹೊಡೆದವನ ಬಗ್ಗೆ.

ಅಮೆರಿಕದಲ್ಲಿ ಎರಡೂ ಬಗೆಯವು ಸಿಗುತ್ತವೆ. 1780ರ ದಶಕದಲ್ಲಿ ನ್ಯೂಯಾರ್ಕಿನ ಎಫ್ರೈಮ್ ಬ್ರಾಷರ್ ಎಂಬ ಅಕ್ಕಸಾಲಿಗ ಚಿನ್ನದ ನಾಣ್ಯಗಳನ್ನು ಪರೀಕ್ಷಿಸಿ ಇ, ಬಿ ಅಂತ ತನ್ನ ಗುರುತು ಹಾಕುತ್ತಿದ್ದ. ಅದು ಚಿನಿವಾರನ ಕೆಲಸವೇ. ಆಮೇಲೆ ಜಾಹೀರಾತಿನವರು ಬಂದರು. ನ್ಯೂಹ್ಯಾಂಪ್‌ಶೈರ್‌ನ ಪಿಟ್ಸ್‌ಫೀಲ್ಡ್ ಎಂಬ ಊರಿನಲ್ಲಿ ಡಾಕ್ಟರ್ ವಿಲ್ಕಿನ್ಸ್ ಅಂತ ಹಲ್ಲಿನ ವೈದ್ಯರೊಬ್ಬರಿದ್ದರು. ಸಿಕ್ಕ ತಾಮ್ರದ ಸೆಂಟುಗಳ ಮೇಲೆಲ್ಲ ತಮ್ಮ ಹೆಸರು ಒತ್ತಿ ಬಿಡುತ್ತಿದ್ದರು. ಅವರ ನಾಣ್ಯಗಳು ಇವತ್ತಿಗೂ ಸುಲಭವಾಗಿ ಸಿಗುತ್ತವೆ.

ಇದಕ್ಕೆಲ್ಲ ಈ ದೊಡ್ಡ ಸೆಂಟೇ ಯಾಕೆ? ತಾಮ್ರ ಮೆತ್ತಗಿರುತ್ತದೆ, ಪಂಚ್ ಚೆನ್ನಾಗಿ ಇಳಿಯುತ್ತದೆ. ಮುಖ ಅಗಲ, ಬೆಲೆ ಕಡಿಮೆ. 1793ರಿಂದ 1857ರವರೆಗೆ ಇವು ತಯಾರಾದವು. 1857ರಲ್ಲಿ ಸಣ್ಣ ಸೆಂಟ್ ಬಂತು, ದೊಡ್ಡದು ನಿಂತಿತು. ಅದೇ ವರ್ಷದ ಕಾನೂನು ಸ್ಪೇನಿನ ಬೆಳ್ಳಿ ನಾಣ್ಯಗಳ ಚಲಾವಣೆಯ ಮಾನ್ಯತೆಯನ್ನೂ ತೆಗೆದುಹಾಕಿತು. ಅಲ್ಲಿಯವರೆಗೆ ಅಮೆರಿಕದ ಅಂಗಡಿಗಳಲ್ಲಿ ಸ್ಪೇನಿನ ಎರಡು ರಿಯಾಲ್ ಅಂದರೆ 25 ಸೆಂಟ್ ಅಂತ ಲೆಕ್ಕ. ಹಾಗಾಗಿ ಸವೆದ ಎರಡು ರಿಯಾಲಿನ ಮೇಲೂ ಇಂಥ ಗುರುತುಗಳು ಸಿಗುತ್ತವೆ.

ಈಗ ಕೊಂಡಿಗಳಿಗೆ ಬರೋಣ. ಮೂರು ಕೊಂಡಿ ಆಡ್ ಫೆಲೋಸ್ ಎಂಬ, ಸದಸ್ಯರು ಕಷ್ಟಕ್ಕೆ ಒಬ್ಬರಿಗೊಬ್ಬರು ನೆರವಾಗುವ ಸಂಘದ ಗುರುತು. ಸ್ನೇಹ, ಪ್ರೀತಿ, ಸತ್ಯ ಅಂತ ಅದರ ಅರ್ಥ. ಕೆಲವು ನಾಣ್ಯಗಳಲ್ಲಿ ಕೊಂಡಿಗಳ ಒಳಗೆ ಎಫ್, ಎಲ್, ಟಿ ಅಂತ ಆ ಮೂರು ಇಂಗ್ಲಿಷ್ ಪದಗಳ ಮೊದಲ ಅಕ್ಷರ ಇರುತ್ತವೆ. ಸಂಘ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅಮೆರಿಕಕ್ಕೆ ಅದನ್ನು ತಂದು ಊರಿಸಿದವನು ಥಾಮಸ್ ವೈಲ್ಡಿ. 1782ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ. ಕಸುಬಿನಲ್ಲಿ ಕಮ್ಮಾರ, ಕುದುರೆಗಾಡಿಗಳಿಗೆ ಸ್ಪ್ರಿಂಗ್ ಮಾಡುತ್ತಿದ್ದ. 1817ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಬಂದ. ಹೊಸ ಊರು, ನೆಂಟರಿಲ್ಲ, ಗುರುತಿನವರಿಲ್ಲ. ಆಗ ಏನು ಮಾಡಿದ ಗೊತ್ತಾ? ಇಂಗ್ಲೆಂಡಿನಲ್ಲಿ ಈ ಸಂಘದಲ್ಲಿದ್ದವರು ಯಾರಾದರೂ ಈ ಊರಲ್ಲಿದ್ದರೆ ಬಂದು ಸೇರಿ ಅಂತ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟ. 1819ರ ಏಪ್ರಿಲ್ 26ರಂದು ಬಾಲ್ಟಿಮೋರಿನ ಸೆವೆನ್ ಸ್ಟಾರ್ಸ್ ಎಂಬ ಹೆಂಡದಂಗಡಿಯಲ್ಲಿ ಐದು ಜನ ಸೇರಿ ತಮ್ಮ ಮೊದಲ ಶಾಖೆ ಶುರು ಮಾಡಿದರು. ಇವತ್ತು ಆ ಊರಿನ ಬ್ರಾಡ್‌ವೇ ರಸ್ತೆಯಲ್ಲಿ ವೈಲ್ಡಿಯ ಸ್ಮಾರಕ ಕಂಬ ಇದೆ, 1865ರದ್ದು. ನಾನು ಎಷ್ಟೋ ಸಲ ಅದರ ಪಕ್ಕದಲ್ಲೇ ಓಡಾಡಿದ್ದೆ. ಯಾರದ್ದು ಅಂತ ತಿಳಿದದ್ದು ಈ ನಾಣ್ಯ ಕೊಂಡ ಮೇಲೆ.

ಪರ ಊರಿಗೆ ಕೆಲಸಕ್ಕೆ ಹೋಗಿ ಮೊದಲ ತಿಂಗಳು ಒಬ್ಬರೇ ಕಳೆದವರು ಇಲ್ಲಿ ಜಾಸ್ತಿ ಜನ ಇದ್ದೀರಿ. ಕನ್ನಡ ಮಾತು ಕಿವಿಗೆ ಬಿದ್ದರೆ ತಿರುಗಿ ನೋಡುತ್ತೀರಿ. ವೈಲ್ಡಿ ಕೊಟ್ಟ ಪ್ರಕಟಣೆ ನನಗೆ ಅದನ್ನೇ ನೆನಪಿಸುತ್ತದೆ.

ಆದರೆ ಇದು ಬರೀ ಒಂಟಿತನದ ಮಾತಲ್ಲ. ಆ ಕಾಲದ ಕೂಲಿಯವನಿಗೆ ಕಾಯಿಲೆ ಬಿದ್ದರೆ ಅವತ್ತಿನಿಂದ ಸಂಬಳ ಇಲ್ಲ. ವಿಮೆ ಇಲ್ಲ, ಪಿಂಚಣಿ ಇಲ್ಲ. ಸತ್ತರೆ ಹೂಳುವ ಖರ್ಚಿಗೆ ಹೆಂಡತಿ ಬೀದಿಗೆ ಬರಬೇಕು. ಆಡ್ ಫೆಲೋಸ್ ಸದಸ್ಯರಿಗೆ ವಿಧಿಸಿದ ಕರ್ತವ್ಯ ನಾಲ್ಕು. ಕಾಯಿಲೆಯವರನ್ನು ಹೋಗಿ ನೋಡು, ಕಷ್ಟದಲ್ಲಿದ್ದವರಿಗೆ ನೆರವಾಗು, ಸತ್ತವರನ್ನು ಮಣ್ಣು ಮಾಡು, ತಬ್ಬಲಿ ಮಕ್ಕಳನ್ನು ಓದಿಸು. ಸದಸ್ಯರು ಕಟ್ಟುವ ಹಣದಿಂದ ಇವೆಲ್ಲ ನಡೆಯುತ್ತಿದ್ದವು. ಈ ಸಂಘಗಳಿಗೆ ಗುಟ್ಟಿನ ಸಂಕೇತ, ವಿಚಿತ್ರ ಆಚರಣೆ ಅಂತ ಹೆಸರಿದೆ ನಿಜ. ಆದರೆ ಕಾಯಿಲೆಯ ವಾರದಲ್ಲಿ ಮನೆಗೆ ಬರುವ ಆ ದುಡ್ಡನ್ನು ಬಿಟ್ಟು ನೋಡಿದರೆ ಸಂಘ ಅರ್ಥವಾಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕೆನ್ನೆಯ ಮೇಲಿನ ಆ ಮೂರು ಕೊಂಡಿಗೆ ಅಷ್ಟು ತೂಕ ಇತ್ತು.

ಇನ್ನೊಂದು ವಿಷಯ ಇಲ್ಲಿಯೇ ಹೇಳಬೇಕು. ವೈಲ್ಡಿಯ ಸಂಘ ಕರಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಪೀಟರ್ ಆಗ್ಡನ್ ಎಂಬ ಕರಿಯ ನಾವಿಕ ಇಂಗ್ಲೆಂಡಿನ ಗ್ರ್ಯಾಂಡ್ ಯುನೈಟೆಡ್ ಆರ್ಡರ್ ಎಂಬ ಬೇರೊಂದು ಆಡ್ ಫೆಲೋಸ್ ಶಾಖೆಯ ಸದಸ್ಯನಾಗಿದ್ದ. ನೇರ ಅಲ್ಲಿಂದಲೇ ಮಾನ್ಯತೆ ತಂದ. 1843ರಲ್ಲಿ ನ್ಯೂಯಾರ್ಕಿನಲ್ಲಿ ಕರಿಯರ ಮೊದಲ ಶಾಖೆ ಶುರುವಾಯಿತು. ಫ್ರೀಮೇಸನ್ ಎಂಬ ಇನ್ನೊಂದು ಗುಟ್ಟಿನ ಸಂಘದಲ್ಲೂ ಇದೇ ಕತೆ. ಪ್ರಿನ್ಸ್ ಹಾಲ್ ಎಂಬ ಕರಿಯ 1784ರಲ್ಲಿ ಇಂಗ್ಲೆಂಡಿನಿಂದ ಮಾನ್ಯತೆ ಪಡೆದ. ಹೊಸ ದೇಶದ ಬಿಳಿಯರು ಬಾಗಿಲು ಹಾಕಿದಾಗ ಸಮುದ್ರದ ಆಚೆಯಿಂದ ಬಾಗಿಲು ತೆರೆಸಿಕೊಂಡರು. ಹಾಗಾಗಿ 1851ರ ಸೆಂಟಿನ ಮೇಲೆ ಮೂರು ಕೊಂಡಿ ಕಂಡರೆ ಹೊಡೆದ ಕೈ ಬಿಳಿಯದು ಅಂತ ಸುಮ್ನೆ ಅಂದುಕೊಳ್ಳಬೇಡಿ.

ಫ್ರೀಮೇಸನ್‌ಗಳ ಗುರುತು ನಿಮಗೆಲ್ಲ ಗೊತ್ತಿರುತ್ತದೆ. ಕೆಳಗೆ ಮೂಲೆಮಟ್ಟ, ಮೇಲೆ ಕೈವಾರ, ಎರಡೂ ಕತ್ತರಿ ಹಾಕಿದ ಹಾಗೆ. ಗಾರೆ ಕೆಲಸದವರ ಸಲಕರಣೆಗಳು. ಅಮೆರಿಕದವರು ನಡುವೆ ಜಿ ಅಕ್ಷರ ಸೇರಿಸುತ್ತಾರೆ. ಲಂಡನ್ನಿನಲ್ಲಿ 1717ರಲ್ಲಿ ಸಂಘಟಿತ ರೂಪ ಪಡೆದ ಈ ಸಂಘ ಅಮೆರಿಕದಲ್ಲಿ ಬೇಗ ಬೆಳೆಯಿತು, ಒಮ್ಮೆ ನೆಲಕ್ಕೂ ಬಿತ್ತು. ಬಿದ್ದ ಕತೆ ಸಂಗ್ರಹಕಾರರಿಗೆ ಮುಖ್ಯ. ನ್ಯೂಯಾರ್ಕ್ ರಾಜ್ಯದ ಬಟೇವಿಯಾದಲ್ಲಿ ವಿಲಿಯಂ ಮಾರ್ಗನ್ ಎಂಬಾತ ಮೇಸನ್‌ಗಳ ಗುಟ್ಟನ್ನೆಲ್ಲ ಪುಸ್ತಕ ಮಾಡುತ್ತೇನೆ ಅಂದ. 1826ರ ಸೆಪ್ಟೆಂಬರಿನಲ್ಲಿ ಸಾಲದ ನೆಪದಲ್ಲಿ ಅವನನ್ನು ಜೈಲಿಗೆ ಹಾಕಿದರು. ಅಲ್ಲಿಂದ ಯಾರೋ ಬಿಡಿಸಿಕೊಂಡು ಹೋದರು. ಮತ್ತೆ ಅವನು ಕಾಣಲಿಲ್ಲ. ಜನ ಸಿಟ್ಟಿಗೆದ್ದರು. ಮೇಸನ್ ವಿರೋಧಿ ಅಂತಲೇ ಒಂದು ರಾಜಕೀಯ ಪಕ್ಷ ಹುಟ್ಟಿತು. ಅದು 1831ರಲ್ಲಿ ಬಾಲ್ಟಿಮೋರಿನಲ್ಲಿ ಸಮಾವೇಶ ನಡೆಸಿ ಅಧ್ಯಕ್ಷ ಸ್ಥಾನಕ್ಕೆ ಅಭ್ಯರ್ಥಿಯನ್ನು ಆರಿಸಿತು. ಅಮೆರಿಕದಲ್ಲಿ ಪಕ್ಷವೊಂದು ರಾಷ್ಟ್ರೀಯ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪದ್ಧತಿ ಶುರುವಾದದ್ದೇ ಅಲ್ಲಿ. ಆ ಅಭ್ಯರ್ಥಿ ವಿಲಿಯಂ ವರ್ಟ್ 1832ರ ಚುನಾವಣೆಯಲ್ಲಿ ವರ್ಮಾಂಟ್ ರಾಜ್ಯವನ್ನು ಗೆದ್ದ. ಎಷ್ಟೋ ಊರುಗಳಲ್ಲಿ ಮೇಸನ್‌ಗಳ ಶಾಖೆಗಳು ಬಾಗಿಲು ಹಾಕಿದವು.

ಈಗ ನಿಮ್ಮ ಕೈಗೆ 1828ರ ಸೆಂಟ್ ಬಂತು, ಮೇಲೆ ಮೂಲೆಮಟ್ಟ, ಕೈವಾರ ಇದೆ ಅಂತ ಇಟ್ಟುಕೊಳ್ಳಿ. 'ಅಷ್ಟು ವಿರೋಧದ ನಡುವೆಯೂ ಧೈರ್ಯವಾಗಿ ಹೊಡೆದಿದ್ದಾನೆ' ಅಂತ ಹೇಳಲು ಬಾಯಿ ಬರುತ್ತದೆ. ತಡೆಯಿರಿ. ನಾಣ್ಯದ ಇಸವಿ ಹೇಳುವುದು ಒಂದೇ ಮಾತು: ಗುರುತು ಅದಕ್ಕಿಂತ ಮುಂಚೆ ಬಿದ್ದಿರಲಾರದು. 1828ರ ನಾಣ್ಯ 1855ರಲ್ಲೂ ಓಡಾಡುತ್ತಿತ್ತು. ಹಾಗಾದರೆ ಏನು ನೋಡಬೇಕು? ಸವೆತ. ನಾಣ್ಯದ ಚಿತ್ರ ಪೂರ್ತಿ ಸವೆದು ಗುರುತು ಮಾತ್ರ ಚೂಪಾಗಿದ್ದರೆ, ತುಂಬಾ ತಡವಾಗಿ ಹೊಡೆದದ್ದು. ಎರಡೂ ಒಂದೇ ಸಮ ಸವೆದಿದ್ದರೆ, ಹೊಸದಿದ್ದಾಗಲೇ ಹೊಡೆದು ಬಹಳ ದಿನ ಜೇಬಿನಲ್ಲಿ ಇಟ್ಟುಕೊಂಡದ್ದು. ಈ ಜೆ ಡಬ್ಲ್ಯು ನಾಣ್ಯದಲ್ಲಿ ಕೊಂಡಿಗಳ ಅಂಚು ನುಣುಪಾಗಿದೆ, ನೋಡಿ. ಯಾರೋ ಇದನ್ನು ವರ್ಷಗಟ್ಟಲೆ ಹೊತ್ತಿದ್ದಾರೆ.

ಮೇಸನ್‌ಗಳ ವಿಷಯದಲ್ಲಿ ಹೊಸಬರು ಎಡವುವ ಜಾಗ ಎರಡು. ಮೊದಲನೆಯದು ಚಾಪ್ಟರ್ ಪೆನ್ನಿ. ಅದು ನಾಣ್ಯವೇ ಅಲ್ಲ, ಸಂಘದವರು ತಮಗಾಗಿ ಅಚ್ಚು ಹಾಕಿಸಿದ ಬಿಲ್ಲೆ. ಅವರಲ್ಲಿ ಮಾರ್ಕ್ ಮಾಸ್ಟರ್ ಅಂತ ಒಂದು ಹಂತ ಇದೆ. ಕಲ್ಲು ಕಡಿಯುವ ಪ್ರತಿಯೊಬ್ಬನೂ ತನ್ನ ಕಲ್ಲಿಗೆ ತನ್ನದೇ ಗುರುತು ಹಾಕಿ ದಿನಕ್ಕೊಂದು ಪೆನ್ನಿ ಕೂಲಿ ಪಡೆದ ಅನ್ನುವ ಕತೆಯ ಮೇಲೆ ಆ ಹಂತ ನಿಂತಿದೆ. ಬಿಲ್ಲೆಯ ಮೇಲೆ ಕಮಾನಿನ ನೆತ್ತಿಯಲ್ಲಿ ಕೂರುವ ಕಲ್ಲಿನ ಚಿತ್ರ ಇರುತ್ತದೆ, ಅದರಲ್ಲಿ ದುಂಡಗೆ ಎಂಟು ಇಂಗ್ಲಿಷ್ ಅಕ್ಷರ. 'ವಿಧವೆಯ ಮಗ ಹಿರಾಮನು ಸೊಲೊಮನ್ ರಾಜನಿಗೆ ಕಳಿಸಿದ್ದು' ಅನ್ನುವ ವಾಕ್ಯದ ಮೊದಲಕ್ಷರಗಳು ಅವು. ನಡುವಿನ ಜಾಗ ಖಾಲಿ, ಸದಸ್ಯ ತನ್ನ ಗುರುತು ಕೆತ್ತಿಸಿಕೊಳ್ಳಲಿ ಅಂತ. ಇದೇ ಕೆಲಸಕ್ಕೆ ನಿಜವಾದ ಬೆಳ್ಳಿ ನಾಣ್ಯದ ಒಂದು ಮುಖವನ್ನು ಉಜ್ಜಿ ನುಣುಪು ಮಾಡಿ, ಕೆತ್ತಿಸಿಕೊಂಡವರೂ ಉಂಟು. ಅಂಥವು ಬಲು ಸುಂದರ. ಆದರೆ ಅದು ಕೆತ್ತನೆ. ಉಳಿ ಲೋಹವನ್ನು ಕೆತ್ತಿ ತೆಗೆಯುತ್ತದೆ. ಪಂಚ್ ಲೋಹವನ್ನು ಪಕ್ಕಕ್ಕೆ ತಳ್ಳುತ್ತದೆ. ಈ ವ್ಯತ್ಯಾಸ ಮನಸ್ಸಿನಲ್ಲಿಡಿ, ಆಮೇಲೆ ಬೇಕಾಗುತ್ತದೆ.

ಎರಡನೆಯದು ಮೂಲೆಮಟ್ಟ, ಕೈವಾರದ ನಡುವೆ ಜಿ ಬದಲು ಸುತ್ತಿಗೆ ಹಿಡಿದ ತೋಳು. ಇದನ್ನು ಮೇಸನ್ ಅಂತಲೇ ಮಾರುತ್ತಾರೆ. ಅಲ್ಲ. ಅದು ಯುನೈಟೆಡ್ ಅಮೆರಿಕನ್ ಮೆಕ್ಯಾನಿಕ್ಸ್ ಎಂಬ ಸಂಘದ್ದು. 1845ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾಯಿತು, ಅದರ ಕಿರಿಯರ ಶಾಖೆ 1853ರಲ್ಲಿ. ವಲಸೆ ಬಂದವರಿಗೆ ಕೆಲಸ ಕೊಡಬಾರದು, ಇಲ್ಲೇ ಹುಟ್ಟಿದವರಿಗೆ ಮೊದಲು ಅನ್ನುವುದು ಅವರ ವಾದ. ವೈಲ್ಡಿಯಂಥ ವಲಸಿಗ ಕಟ್ಟಿದ ಸಂಘದ ಗುರುತೂ ತಾಮ್ರದ ಸೆಂಟಿನ ಮೇಲಿದೆ, ವೈಲ್ಡಿಯಂಥವರು ಬೇಡ ಅಂದವರ ಗುರುತೂ ಅದೇ ಸೆಂಟಿನ ಮೇಲಿದೆ. ಎರಡನ್ನೂ ನಾನು ಒಂದೇ ತಟ್ಟೆಯಲ್ಲಿ ಪಕ್ಕ ಪಕ್ಕ ಇಟ್ಟಿದ್ದೇನೆ.

ಉಳಿದ ಸಂಘಗಳನ್ನು ಬೇಗ ಹೇಳಿಬಿಡುತ್ತೇನೆ. ನೈಟ್ಸ್ ಆಫ್ ಪಿಥಿಯಸ್, 1864, ವಾಷಿಂಗ್ಟನ್. ಗುರುತಿನ ಅಕ್ಷರ ಎಫ್, ಸಿ, ಬಿ. ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್, 1866, ಅಂತರ್ಯುದ್ಧದಲ್ಲಿ ಉತ್ತರದ ಪರ ಹೋರಾಡಿದ ಸೈನಿಕರದ್ದು. ಎಲ್ಕ್ಸ್, 1868, ನ್ಯೂಯಾರ್ಕ್. ಇವೆಲ್ಲ ಹುಟ್ಟುವ ಹೊತ್ತಿಗೆ ದೊಡ್ಡ ಸೆಂಟ್ ತಯಾರಿ ನಿಂತು ವರ್ಷಗಳೇ ಆಗಿದ್ದವು. ಹಾಗಾಗಿ 1820ರ ಸೆಂಟಿನ ಮೇಲೆ ಚೂಪಾದ ಎಫ್, ಸಿ, ಬಿ ಕಂಡರೆ ಎರಡು ಸಲ ಯೋಚಿಸಿ.

ನಕಲಿಯ ಮಾತು ಬಂತು. ನನಗೇ ಆದದ್ದು ಹೇಳುತ್ತೇನೆ. ಇಂಟರ್‌ನೆಟ್ಟಿನಲ್ಲಿ ಒಬ್ಬರ ಹತ್ತಿರ ಫ್ರೀಮೇಸನ್ ಗುರುತಿನ ಎರಡು ರಿಯಾಲ್ ನಾಣ್ಯ ಕೊಂಡೆ. ಫೋಟೋ ಚೆನ್ನಾಗಿತ್ತು, ದುಡ್ಡೂ ಜಾಸ್ತಿ ಕೊಟ್ಟೆ. ಬಂದ ಮೇಲೆ ಭೂತಗನ್ನಡಿ ಹಿಡಿದರೆ, ನಾಣ್ಯದ ಮೈಯೆಲ್ಲ ಕಪ್ಪು, ಗುರುತಿನ ಗುಂಡಿಯ ಒಳಗೆ ಮಾತ್ರ ಬೆಳ್ಳಿ ಬಿಳಿಯಾಗಿ ಮಿನುಗುತ್ತಿತ್ತು. ನಾಣ್ಯ ನಿಜ, ಹಳೆಯದು. ಗುರುತು ನಿನ್ನೆ ಮೊನ್ನೆಯದು. ಬಹಳ ಬೇಜಾರಾಯಿತು. ದುಡ್ಡು ಹೋಗಿದ್ದಕ್ಕಿಂತ ಹೆಚ್ಚಾಗಿ, ಇನ್ನೂರು ವರ್ಷ ಉಳಿದು ಬಂದ ಒಂದು ನಾಣ್ಯದ ಮೇಲೆ ಸುಳ್ಳು ಬರೆದರಲ್ಲ ಅಂತ.

ಆವತ್ತಿನಿಂದ ನನ್ನ ನೋಟದ ಕ್ರಮ ಹೀಗಿದೆ. ಮೊದಲು ಗುಂಡಿಯ ತಳ: ಅಲ್ಲಿನ ಬಣ್ಣ, ಕಿಲುಬು ನಾಣ್ಯದ ಉಳಿದ ಮೈಗೆ ಹೊಂದಬೇಕು. ಆಮೇಲೆ ಅಂಚು: ಪಂಚ್ ತಳ್ಳಿದ ಲೋಹ ಸುತ್ತಲೂ ಸಣ್ಣ ದಿಣ್ಣೆಯಾಗಿ ಏಳುತ್ತದೆ. ಹಳೆಯ ಗುರುತಿನಲ್ಲಿ ಆ ದಿಣ್ಣೆ ಸವೆದು ಮಟ್ಟವಾಗಿರುತ್ತದೆ, ಹೊಸದರಲ್ಲಿ ಉಗುರಿಗೆ ತಗಲುತ್ತದೆ. ಕೊನೆಗೆ ಹಿಂಬದಿ: ಗುರುತಿನ ನೇರ ಹಿಂದೆ ನಾಣ್ಯ ಚಪ್ಪಟೆಯಾಗಿರಬೇಕು, ಅಡಿಗಲ್ಲಿನ ಮೇಲಿಟ್ಟು ಹೊಡೆದದ್ದಲ್ಲವೇ? ಆ ಚಪ್ಪಟೆ ಜಾಗದಲ್ಲಿ ಕಿಲುಬಿನ ಪದರ ಬಿರುಕು ಬಿಟ್ಟಿದ್ದರೆ, ಪದರ ಮೊದಲು, ಏಟು ಆಮೇಲೆ.

ಇದೆಲ್ಲ ನೋಡಬೇಕಾದರೆ ನಾಣ್ಯವನ್ನು ತೊಳೆಯಬಾರದು. ನಮ್ಮ ಮನೆಗಳಲ್ಲಿ ತಾಮ್ರ ಅಂದ ಕೂಡಲೇ ಹುಣಸೆಹಣ್ಣು ನೆನಪಾಗುತ್ತದೆ. ದೇವರ ಚೊಂಬಿಗೆ ಅದು ಸರಿ. ನಾಣ್ಯಕ್ಕೆ ಹಚ್ಚಿದರೆ, ಗುರುತು ಹಳೆಯದು ಅಂತ ಹೇಳಬಲ್ಲ ಮುಖ್ಯ ಸಾಕ್ಷಿ ನೀರಿನಲ್ಲಿ ಹರಿದು ಹೋಗುತ್ತದೆ. ದಯವಿಟ್ಟು ಬೇಡ.

ಲಿಂಕನ್ ತಲೆಯ ಸಣ್ಣ ಸೆಂಟಿನ ಮೇಲೆ ಅಚ್ಚುಕಟ್ಟಾದ ಮೂಲೆಮಟ್ಟ, ಕೈವಾರ ಇರುವವು ಕೂಡ ಬೇಕಾದಷ್ಟು ಸಿಗುತ್ತವೆ. ಅವು ಮೋಸವಲ್ಲ. ಇಪ್ಪತ್ತನೆಯ ಶತಮಾನದಲ್ಲಿ ನೆನಪಿನ ಕಾಣಿಕೆ ಅಂತ ಒತ್ತಿಸಿ ಮಾರಿದವು. ಸಂಗ್ರಹ ಶುರು ಮಾಡುವ ಮಕ್ಕಳಿಗೆ ಒಂದು ಕೊಡಿಸಿ, ಕಣ್ಣು ಪಳಗುತ್ತದೆ. ಆದರೆ ಹಳೆಯದರ ಬೆಲೆ ಕೊಡಬೇಡಿ.

ಹೊಡೆದವನ ಹೆಸರು ಸಿಗುತ್ತದೆಯೇ ಅಂತ ಬಹಳ ಜನ ಕೇಳುತ್ತಾರೆ. ನಾಣ್ಯದ ಮೇಲೆ ಪೂರ್ತಿ ಹೆಸರು, ಅದರ ಜೊತೆ ಊರು ಇದ್ದರೆ ದಾರಿ ಇದೆ. ಅಮೆರಿಕದ 1850ರ ಜನಗಣತಿ ಬಹಳ ಸಹಾಯ ಮಾಡುತ್ತದೆ. ಅದಕ್ಕೂ ಮುಂಚಿನ ಗಣತಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ. 1850ರಲ್ಲಿ ಮೊದಲ ಬಾರಿಗೆ ಸ್ವತಂತ್ರರಾದ ಎಲ್ಲರ ಹೆಸರು, ವಯಸ್ಸು, ದೊಡ್ಡ ಗಂಡಸರ ಕಸುಬು ಬರೆದರು. ಸ್ವತಂತ್ರರು ಅನ್ನುವ ಪದವನ್ನು ಗಮನಿಸಿ. ಗುಲಾಮರನ್ನು ಬೇರೆ ಪಟ್ಟಿಯಲ್ಲಿ ಸಾಮಾನ್ಯವಾಗಿ ಹೆಸರಿಲ್ಲದೆ, ವಯಸ್ಸು, ಲಿಂಗ, ಬಣ್ಣ ಹಾಕಿ ಎಣಿಸಿದರು. ಊರಿನ ವಿಳಾಸ ಪುಸ್ತಕಗಳೂ ಇವೆ. ಹುಡುಕಿದಾಗ ಕಮ್ಮಾರ, ಬಂದೂಕು ಮಾಡುವವ, ಅಕ್ಕಸಾಲಿಗ ಅಂತಲೇ ಎಷ್ಟೋ ಸಲ ಸಿಗುವುದು. ಪಂಚ್ ಇದ್ದವನ ಕೈಗೆ ಸುತ್ತಿಗೆಯೂ ಇರುತ್ತದೆ. ಜೊತೆಗೆ ಸಂಘದ ಗುರುತೂ ಇದ್ದರೆ, ಆ ಊರಿನ ಶಾಖೆಯ ಸದಸ್ಯರ ಪಟ್ಟಿ ಹುಡುಕಬಹುದು. ಬರೀ ಜೆ ಡಬ್ಲ್ಯು ಇದ್ದರೆ? ಬಾಲ್ಟಿಮೋರ್ ಒಂದರಲ್ಲೇ ಆ ಎರಡು ಅಕ್ಷರದವರು ಪುಟಗಟ್ಟಲೆ ಇದ್ದಾರೆ. ನಾನು ಯಾರೊಬ್ಬರ ಹೆಸರನ್ನೂ ಅದಕ್ಕೆ ಅಂಟಿಸಿಲ್ಲ. ಕವರಿನ ಮೇಲೆ ತೂಕ, ಅಗಲ, ಗುರುತು ಯಾವ ಮುಖದಲ್ಲಿ ಎಲ್ಲಿದೆ, ಎಲ್ಲಿ ಕೊಂಡೆ, ಇಷ್ಟು ಬರೆದಿಟ್ಟಿದ್ದೇನೆ. ಇದೇ ಪಂಚಿನ ಇನ್ನೊಂದು ನಾಣ್ಯ ಎಲ್ಲಾದರೂ ಪೂರ್ತಿ ಹೆಸರಿನ ಜೊತೆ ಸಿಕ್ಕರೆ, ಎರಡೂ ಅಕ್ಷರಗಳ ಅಂಚು ಹೋಲಿಸಿ ನೋಡಬಹುದು. ಜೆ ಅಕ್ಷರದ ಬಾಲ ಸ್ವಲ್ಪ ಮುರಿದಿದೆ, ಅದು ಒಳ್ಳೆಯ ಗುರುತು.

ನಾಣ್ಯ ಈಗ ಎಲ್ಲಿದೆ? ಹಾಂ, ಕೊನೆಯ ಸಾಲಿನಲ್ಲಿ. ಕೊಡುವ ಮುಂಚೆ ಕಿಟಕಿಯ ಹತ್ತಿರ ಹೋಗಿ ಸ್ವಲ್ಪ ಓರೆ ಮಾಡಿ ನೋಡಿ. ಕೊಂಡಿಗಳನ್ನು ಮೂರಕ್ಕೂ ಒಂದೇ ಉಂಗುರದ ಪಂಚಿನಿಂದ, ಒಂದೊಂದಾಗಿ ಹೊಡೆದಿದ್ದಾರೆ. ಮೊದಲ ಎರಡು ಸರಿಯಾಗಿ ಕೂತಿವೆ. ಮೂರನೆಯದು ಎರಡು ಸಲ ಬಿದ್ದಿದೆ, ಒಂದು ಗೆರೆಯಷ್ಟು ಆಚೀಚೆ. ಮೊದಲ ಏಟಿಗೆ ಅದು ಎರಡನೆಯ ಕೊಂಡಿಯನ್ನು ಮುಟ್ಟಿರಲಿಲ್ಲ. ಮತ್ತೆ ಇಟ್ಟು, ಮುಟ್ಟುವ ಹಾಗೆ ಹೊಡೆದಿದ್ದಾನೆ.